ಫಿಶ್ ಟ್ಯಾಂಕ್ ದೀಪಕ್ಕೆ ಕಂಟ್ರೋಲರ್: ಗ್ರೌಂಡ್ ವೈರ್ ಬಿಟ್ಟರೆ ಕೆಲಸ ಕೆಟ್ಟಂತೆ

ಕತ್ತಲಲ್ಲಿದ್ದ ಟ್ಯಾಂಕಿಗೆ ದಿಢೀರನೆ ದೀಪ ಹಾಕಿದರೆ ಮೀನುಗಳು ಬೆದರಿ ಗಾಜಿಗೆ ಬಡಿದುಕೊಳ್ಳುತ್ತವೆ. ಬೆಳಕು ನಿಧಾನವಾಗಿ ಏರಿ, ನಿಧಾನವಾಗಿ ಇಳಿಯಲೆಂದು ಅನೇಕರು ಕಂಟ್ರೋಲರ್, ಅಂದರೆ ಹೊತ್ತು ನೋಡಿ ಬೆಳಕು ಹೆಚ್ಚುಕಡಿಮೆ ಮಾಡುವ ಪುಟ್ಟ ಸರ್ಕ್ಯೂಟ್, ತರುತ್ತಾರೆ. ಅವರು ಎಡವುವುದು ಪ್ರೋಗ್ರಾಂನಲ್ಲಲ್ಲ, ವೈರಿಂಗ್‌ನಲ್ಲಿ.

ಮೊದಲು ಡ್ರೈವರ್, ಅಂದರೆ ಎಲ್‌ಇಡಿಗೆ ಹದವಾಗಿ ಕರೆಂಟ್ ಕೊಡುವ ಬಿಡಿಭಾಗ, ನೋಡಿ. ‘ಡಿಮ್ಮಬಲ್’ (ಬೆಳಕು ತಗ್ಗಿಸಬಹುದು) ಎಂದು ಬರೆದಿದ್ದರೆ ಸಾಲದು. ಕೆಲವು 0–10 ವೋಲ್ಟ್ ಸಿಗ್ನಲ್ ಕೇಳುತ್ತವೆ, ಕೆಲವು ಪಿಡಬ್ಲ್ಯೂಎಂ, ಅಂದರೆ ವೇಗವಾಗಿ ಆನ್-ಆಫ್ ಆಗುವ ಸಿಗ್ನಲ್. 10 ವೋಲ್ಟ್ ಕೇಳುವ ಡ್ರೈವರ್‌ಗೆ ಆರ್ಡುಯಿನೊ ಎಂಬ ಕಂಟ್ರೋಲರ್ ಬೋರ್ಡಿನ 5 ವೋಲ್ಟ್ ಕೊಟ್ಟರೆ ದೀಪ ಪೂರ್ತಿ ಬೆಳಗುವುದೇ ಇಲ್ಲ. ಆರ್ಡುಯಿನೊ ಅಥವಾ ಅಂಥದೇ ವೈಫೈ ಬೋರ್ಡ್ ಇಎಸ್‌ಪಿ32 ಇದ್ದರೆ ಮೀನ್‌ವೆಲ್ ಕಂಪನಿಯ ಎಲ್‌ಡಿಡಿ-700ಎಚ್ ಡ್ರೈವರ್ ತನ್ನಿ, ಬೇರೆ ಹುಡುಕಬೇಡಿ. ಅದರ ಪಿಡಬ್ಲ್ಯೂಎಂ ಮಿತಿ 100ರಿಂದ 1000 ಹರ್ಟ್ಜ್. ಇಎಸ್‌ಪಿ32ರ ಮಾದರಿ ಕೋಡ್‌ಗಳಲ್ಲಿ 5000 ಇರುವುದುಂಟು, 500ಕ್ಕೆ ಇಳಿಸಿ. ಡೇಟಾಶೀಟ್ (ತಾಂತ್ರಿಕ ವಿವರದ ಹಾಳೆ) ಇಲ್ಲದ ಅಗ್ಗದ ಡ್ರೈವರ್ ಬೇಡವೇ ಬೇಡ. ಫ್ಯಾನ್ ರೆಗ್ಯುಲೇಟರ್ ಥರದ ಡಿಮ್ಮರ್ ಕೂಡ ಇದಕ್ಕಾಗದು.

ಸರಣಿಯಲ್ಲಿ ಆರು ಬಿಳಿ ಎಲ್‌ಇಡಿ, ಅವಕ್ಕೆ 24 ವೋಲ್ಟ್ ಅಡಾಪ್ಟರ್. ಅಷ್ಟು ಸಾಕು.

ಇನ್ನು ಕಷ್ಟದ ಭಾಗ. ಕಂಟ್ರೋಲರ್‌ನ ಸಿಗ್ನಲ್ ವೈರನ್ನು ಡ್ರೈವರ್‌ನ ಡಿಮ್ ಪಿನ್‌ಗೆ ಕೊಟ್ಟರಷ್ಟೇ ಮುಗಿಯಲಿಲ್ಲ. ಕಂಟ್ರೋಲರ್‌ನ ಗ್ರೌಂಡ್ (ಅದರ ಮೈನಸ್ ಪಿನ್) ಡ್ರೈವರ್‌ನ ಇನ್‌ಪುಟ್ ಮೈನಸ್‌ಗೂ ಸೇರಬೇಕು. ಸಿಗ್ನಲ್ 5 ವೋಲ್ಟ್ ಎಂದರೆ ಎಲ್ಲಿಂದ ಅಳೆದ 5 ವೋಲ್ಟ್ ಎಂಬುದು ಡ್ರೈವರ್‌ಗೆ ಗೊತ್ತಾಗುವುದು ಈ ವೈರಿನಿಂದಲೇ. ಅದಿಲ್ಲದಿದ್ದರೆ ದೀಪ ಮಿಣಮಿಣ ಎನ್ನುತ್ತದೆ, ಇಲ್ಲವೇ ಸದಾ ಪೂರ್ತಿ ಉರಿಯುತ್ತದೆ. ಗಮನಿಸಿ, ಇನ್‌ಪುಟ್ ಮೈನಸ್. ಎಲ್‌ಇಡಿ ಕಡೆಯ ಔಟ್‌ಪುಟ್ ಮೈನಸ್ ಅಲ್ಲ. ಎಲ್‌ಡಿಡಿಯಲ್ಲಿ ಇವೆರಡನ್ನು ಕೂಡಿಸಲೇಬಾರದು. ವೈರ್ ಉಳಿಸಲು ಎರಡು ಸಾಲಿನ ಎಲ್‌ಇಡಿಗಳ ಮೈನಸ್ ಒಟ್ಟಿಗೆ ತಿರುಚಿ ಟೇಪ್ ಸುತ್ತುವವರನ್ನು ಕಂಡಿದ್ದೇನೆ. ಪ್ರತಿ ಡ್ರೈವರ್‌ನಿಂದ ಅದರ ಸಾಲಿಗೆ ಅದರದೇ ಎರಡು ವೈರ್ ಹೋಗಬೇಕು.

ಕರೆಂಟ್ ಕೊಡುವ ಮೊದಲು ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಮೊನೆಯನ್ನು ಕಂಟ್ರೋಲರ್ ಗ್ರೌಂಡ್‌ಗೆ, ಇನ್ನೊಂದನ್ನು ಡ್ರೈವರ್‌ನ ಇನ್‌ಪುಟ್ ಮೈನಸ್‌ಗೆ ಹಿಡಿಯಿರಿ, ಸದ್ದು ಬರಬೇಕು. ಆಮೇಲೆ ಸಿಗ್ನಲ್ ವೈರನ್ನು ಡಿಮ್ ಪಿನ್‌ಗೆ ಹಾಕದೆ, ಕಂಟ್ರೋಲರ್ ಮಾತ್ರ ಆನ್ ಮಾಡಿ ಶೇ 50ಕ್ಕಿಟ್ಟು, ಆ ವೈರ್ ಮತ್ತು ಗ್ರೌಂಡ್ ನಡುವೆ ಡಿಸಿ ವೋಲ್ಟ್‌ನಲ್ಲಿ ಅಳೆಯಿರಿ. ಆರ್ಡುಯಿನೊ ಆದರೆ 2.5 ವೋಲ್ಟ್‌ನ ಆಸುಪಾಸು ತೋರಿಸುತ್ತದೆ. ಇನ್ನೊಂದು ಮಾತು: ಅಡಾಪ್ಟರ್ ಆನ್ ಇರುವಾಗ ಎಲ್‌ಇಡಿ ವೈರ್ ಕೀಳುವುದು, ಚುಚ್ಚುವುದು ಮಾಡಬೇಡಿ. ಖಾಲಿ ಡ್ರೈವರ್‌ನಲ್ಲಿ ಏರಿ ನಿಂತ ವೋಲ್ಟೇಜ್ ಒಮ್ಮೆಲೇ ನುಗ್ಗಿ ಎಲ್‌ಇಡಿ ಸುಟ್ಟುಹೋಗಬಹುದು.

ಡ್ರೈವರ್, ಅಡಾಪ್ಟರ್ ಯಾವುದೂ ಟ್ಯಾಂಕಿನ ಮೇಲೆ ಇರಕೂಡದು. ಪ್ಲಗ್‌ಗೆ ಹೋಗುವ ವೈರ್ ಸಾಕೆಟ್‌ಗಿಂತ ಕೆಳಗಿಳಿದು ಮತ್ತೆ ಮೇಲೇರಲಿ. ವೈರ್ ಗುಂಟ ಜಾರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಆ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲೇಬೇಕು.

ವೇಳಾಪಟ್ಟಿ ಸುಲಭ: ಏರಲು ಅರ್ಧ ಗಂಟೆ, ಇಳಿಯಲು ಅರ್ಧ ಗಂಟೆ, ಒಟ್ಟು ಎಂಟು ಗಂಟೆ ಬೆಳಕು. ಹೆಚ್ಚಾದರೆ ಪಾಚಿ ಕಟ್ಟುತ್ತದೆ. ವೈಫೈಯಿಂದ ಸಮಯ ಪಡೆಯುವ ಕಂಟ್ರೋಲರನ್ನು ಪೂರ್ತಿ ನೆಚ್ಚಬೇಡಿ. ಕರೆಂಟ್ ಬಂದರೂ ಇಂಟರ್‌ನೆಟ್ ಬರುವುದು ತಡವಾಗಬಹುದು. ಸೆಲ್ ಇರುವ ಡಿಎಸ್3231 ಗಡಿಯಾರ ಮಾಡ್ಯೂಲ್ ಸೇರಿಸಿ. ಎಲ್ಲ ಆದ ಮೇಲೆ ರೂಟರ್, ಕಂಟ್ರೋಲರ್ ಎರಡರ ಪ್ಲಗ್ಗೂ ಕಿತ್ತು, ಹತ್ತು ನಿಮಿಷ ಬಿಟ್ಟು ಕಂಟ್ರೋಲರ್ ಮಾತ್ರ ಹಾಕಿ. ದೀಪ ಆ ಹೊತ್ತಿಗೆ ಎಷ್ಟಿರಬೇಕೋ ಅಷ್ಟಕ್ಕೇ ಬಂದು ನಿಲ್ಲಬೇಕು.