ಬಿಡ್ ಹಾಕುವ ಮೊದಲೇ ಷರತ್ತು ಪ್ರಶ್ನಿಸಿದೆ: ಕಲಬುರಗಿಯ ಒಂದು ಡೇಟಾ ಸೆಂಟರ್ ಟೆಂಡರಿನ ಅನುಭವ

ಡೇಟಾ ಸೆಂಟರ್ ಟೆಂಡರಿನಲ್ಲಿ ನ್ಯಾಯ ಬೇಕಿದ್ದರೆ ಪ್ರಿ-ಬಿಡ್ ಹಂತದಲ್ಲಿಯೇ, ಅಂದರೆ ಬಿಡ್ ಹಾಕುವ ಮುನ್ನ ಇಲಾಖೆಗೆ ಪ್ರಶ್ನೆ ಕಳುಹಿಸುವ ಅವಧಿಯಲ್ಲಿಯೇ, ಕೇಳಿ ಪಡೆಯಬೇಕು, ದರ ಬರೆದ ಆರ್ಥಿಕ ಲಕೋಟೆ ತೆರೆದ ಮೇಲೆ ಎಷ್ಟು ಹೋರಾಡಿದರೂ ಕೆಲಸ ಕೈಗೆ ಬರುವುದಿಲ್ಲ ಎಂದು ನಾನು ಹೇಳುತ್ತಿದ್ದಾಗ ಕಲಬುರಗಿಯ ಗುತ್ತಿಗೆದಾರ ಮಿತ್ರರಲ್ಲಿ ನಂಬಿದವರು ಕಡಿಮೆ. "ತಮ್ಮಾ, ಕಾಗದ ಬರದ್ರ ಟೆಂಡರ್ ಬದಲಾಗ್ತದೇನು? ಸುಮ್ನ ಸಾಹೇಬ್ರ ಕಣ್ಣಾಗ ಬೀಳಬ್ಯಾಡ" ಎಂದು ಹಿರಿಯರೊಬ್ಬರು ಕಾಳಜಿಯಿಂದಲೇ ತಡೆದಿದ್ದರು. ಆದರೆ ಟೆಂಡರ್ ಬದಲಾಯಿತು. ಆರು ರ‍್ಯಾಕ್‌ಗಳ (ಸರ್ವರ್ ಜೋಡಿಸುವ ಕಪಾಟುಗಳ) ಆ ಕೇಂದ್ರವನ್ನು ನಾವೇ ಕಟ್ಟಿದೆವು. ಐದು ವರ್ಷದ ನಿರ್ವಹಣೆಯಲ್ಲಿ ಮೂರು ಬೇಸಿಗೆಗಳನ್ನು ದಾಟಿಸಿದ್ದೇವೆ.

ಅದಕ್ಕೂ ಮೊದಲು ಟೆಂಡರೊಂದನ್ನು ಸೋತಾಗ ಎಲ್ಲರೂ ಹಿಡಿಯುವ ದಾರಿಗಳನ್ನೇ ನಾನೂ ಹಿಡಿದಿದ್ದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 16ನೇ ಪ್ರಕರಣದಡಿ ಮೇಲ್ಮನವಿಗೆ 30 ದಿನಗಳ ಅವಕಾಶವಿದೆ. ಆದರೆ ಅದು ಟೆಂಡರ್ ಅಂಗೀಕಾರದ ಆದೇಶದ ವಿರುದ್ಧ ಇರುವ ಅವಕಾಶ. ಷರತ್ತುಗಳೇ ಒಬ್ಬರ ಅಳತೆಗೆ ಹೊಲಿದಂತಿದ್ದರೆ ಆ ಹೊತ್ತಿಗೆ ಹೇಳುವುದಕ್ಕೆ ಉಳಿಯುವುದು ಅಲ್ಪ. ಮೌಲ್ಯಮಾಪನದ ಅಂಕಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಆ ಕಾಯ್ದೆಯ 8(1)(ಡಿ) ತೋರಿಸಿ ವಾಣಿಜ್ಯ ಗೋಪ್ಯತೆ ಎಂದರು. ಮೊದಲ ಮೇಲ್ಮನವಿಯಲ್ಲಿ ಅರ್ಧ ದಾಖಲೆ ಸಿಕ್ಕಿತು, ಅಷ್ಟರಲ್ಲಿ ಗೆದ್ದವರು ಫಾಲ್ಸ್ ಫ್ಲೋರಿಂಗ್ (ಎತ್ತರಿಸಿದ ನೆಲಹಾಸು) ಮುಗಿಸಿದ್ದರು. ಹೈಕೋರ್ಟಿನ ಪೀಠ ನಮ್ಮ ಊರಿನಲ್ಲಿಯೇ ಇದ್ದರೂ, ಟಾಟಾ ಸೆಲ್ಯುಲಾರ್ ಪ್ರಕರಣದ 1994ರ ತೀರ್ಪನ್ನು ಮುಂದಿಟ್ಟು ವಕೀಲರು ತಿಳಿಹೇಳಿದರು: ನ್ಯಾಯಾಲಯವು ನಿರ್ಧಾರ ಕೈಗೊಂಡ ಕ್ರಮವನ್ನು ಪರಿಶೀಲಿಸುತ್ತದೆಯೇ ಹೊರತು ಮೇಲ್ಮನವಿ ಪ್ರಾಧಿಕಾರದಂತೆ ನಿರ್ಧಾರವನ್ನೇ ಮತ್ತೆ ತೂಗುವುದಿಲ್ಲ. ಈ ಓಡಾಟದಲ್ಲಿ ಇಎಂಡಿಯ (ಬಿಡ್ ಜೊತೆ ಇಡುವ ಠೇವಣಿ) ನಾಲ್ಕು ಲಕ್ಷ ರೂಪಾಯಿ ಏಳೆಂಟು ತಿಂಗಳು ಸಿಕ್ಕಿಬಿದ್ದಿತು. ಬ್ಯಾಂಕ್ ಗ್ಯಾರಂಟಿಯ ಕಮಿಷನ್, ವಕೀಲರ ಶುಲ್ಕ, ಜೆರಾಕ್ಸ್ ಎಲ್ಲ ಸೇರಿ ಒಂದೂವರೆ ಲಕ್ಷದಷ್ಟು ಕೈಯಿಂದ ಹೋಯಿತು.

ಮುಂದಿನ ಟೆಂಡರ್ ಸುಮಾರು 1.8 ಕೋಟಿಯದು. ಹಿಂದಿನ ವರ್ಷಗಳ ಸರಾಸರಿ ವಹಿವಾಟು 25 ಕೋಟಿ ಇರಬೇಕು, ಟಿಯರ್-3 (ಕೇಂದ್ರ ನಿಲ್ಲಿಸದೆಯೇ ದುರಸ್ತಿ ಮಾಡಬಹುದಾದ ದರ್ಜೆ) ಪ್ರಮಾಣಪತ್ರವಿರುವ ದೊಡ್ಡ ಡೇಟಾ ಸೆಂಟರ್ ಕಟ್ಟಿರಬೇಕು, ಎಸಿ ಇಂತಹದೇ ಮಾಡೆಲ್ ಆಗಿರಬೇಕು ಎಂದು ಅದರಲ್ಲಿತ್ತು. ದೂರು ಬರೆಯದೆ ಪ್ರಶ್ನೆ ಬರೆದೆ. ಕೇಂದ್ರ ಜಾಗೃತ ಆಯೋಗದ 2002ರ ಮಾರ್ಗಸೂಚಿಯಂತೆ ವಹಿವಾಟು ಅಂದಾಜು ವೆಚ್ಚದ ಶೇ. 30ರಷ್ಟಿದ್ದರೆ ಸಾಕು, ಅನುಭವಕ್ಕೆ ಶೇ. 40ರ ಮೂರು, ಶೇ. 50ರ ಎರಡು ಅಥವಾ ಶೇ. 80ರ ಒಂದು ಕೆಲಸ ಸಾಕು. ರಾಜ್ಯದ ಇಲಾಖೆಯನ್ನು ಅದು ಕಟ್ಟಿಹಾಕುವುದಿಲ್ಲ, ಆದರೂ ಅಳತೆಗೋಲಾಗಿ ಮುಂದಿಡಬಹುದು. 55 ಲಕ್ಷ ಸಾಕಾಗುವಲ್ಲಿ 25 ಕೋಟಿ ಏಕೆ ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರ ಬರೆಯುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಎಸಿಯ ವಿಷಯದಲ್ಲಿ ಮಾತ್ರ ಬರೀ ನಿಯಮ ಸಾಲುತ್ತಿರಲಿಲ್ಲ. ಸೂಚಿಸಿದ ಮಾಡೆಲಿನ ತಂಪು ಸಾಮರ್ಥ್ಯವನ್ನು ಹೊರಗಿನ 35 ಡಿಗ್ರಿ ಉಷ್ಣಾಂಶಕ್ಕೆ ಲೆಕ್ಕ ಹಾಕಲಾಗಿತ್ತು. ಬೆಂಗಳೂರಿಗೆ ಅದು ಸರಿ. ನಮ್ಮಲ್ಲಿ ಮೇ ತಿಂಗಳಿನಲ್ಲಿ 42-43 ಡಿಗ್ರಿ ಸಾಮಾನ್ಯ, ಬಿಸಿಲಿಗೆ ಕಾದ ತಾರಸಿಯ ಮೇಲೆ ಔಟ್‌ಡೋರ್ ಯೂನಿಟ್ ಎಳೆದುಕೊಳ್ಳುವ ಗಾಳಿ ಇನ್ನೂ ಬಿಸಿ. ಇದನ್ನು ತೋರಿಸಲು ನನ್ನ ಗೋದಾಮಿನ ಹನ್ನೆರಡು-ಹದಿನೈದು ಅಡಿಯ ಕೋಣೆಯೊಂದನ್ನು ಮುಚ್ಚಿ, ಒಳಗೆ ಎರಡು ಕಿಲೋವ್ಯಾಟಿನ ನಾಲ್ಕು ಹೀಟರ್ ಇಟ್ಟು, ಮೂಲೆಗಳಲ್ಲಿ ಥರ್ಮಾಮೀಟರ್ ತೂಗುಹಾಕಿದೆ. ಎಸಿ ನಿಲ್ಲಿಸಿದ ಹತ್ತು-ಹನ್ನೆರಡು ನಿಮಿಷಗಳಲ್ಲಿ ಇಪ್ಪತ್ನಾಲ್ಕರಿಂದ ನಲವತ್ತರ ಆಸುಪಾಸಿಗೆ ಏರಿತು. ಮಧ್ಯಾಹ್ನ ಎರಡು ಗಂಟೆಗೆ ಅದೇ ಎಸಿ ಮತ್ತೆ ಚಾಲೂ ಮಾಡಿದರೆ ಕೋಣೆ ಇಳಿಯಲು ಬೆಳಗಿನ ಸಮಯಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ಬೇಕಾಯಿತು. ಜನರೇಟರ್ ಹತ್ತಿಕೊಂಡ ಮೇಲೆ ಎಸಿ ಎಷ್ಟು ತಡವಾಗಿ ಏಳುತ್ತದೆ ಎಂಬುದನ್ನೂ ಆಗಲೇ ನೋಡಿಟ್ಟುಕೊಂಡೆ. ಆ ತಡವನ್ನು ತಗ್ಗಿಸಲು ನಾವು ಮಾಡಿದ ವೈರಿಂಗ್ ನಮ್ಮಲ್ಲೇ ಇರಲಿ. ಈ ಅಳತೆಗಳ ತಖ್ತೆ ಲಗತ್ತಿಸಿ, ಮಾಡೆಲಿನ ಹೆಸರು ತೆಗೆದು "ಹೊರಗೆ 45 ಡಿಗ್ರಿ ಇದ್ದಾಗ ಇಷ್ಟು ಕಿಲೋವ್ಯಾಟ್ ತಂಪು ಕೊಡಬೇಕು" ಎಂದು ಬರೆಯುವಂತೆ ಕೋರಿದೆ. ಇದು ಇಲಾಖೆಗೂ ಲಾಭ, ಯಾವ ಕಂಪನಿಗೂ ಬಾಗಿಲು ಮುಚ್ಚುವುದಿಲ್ಲ.

ನಿರ್ವಹಣೆಯ ಷರತ್ತುಗಳಲ್ಲಿನ ಅನ್ಯಾಯವನ್ನು ನಮ್ಮವರು ಗಮನಿಸುವುದೇ ಇಲ್ಲ. ಶೇ. 99.982 ಲಭ್ಯತೆ ಕೇಳಿದ್ದರು, ಅಂದರೆ ವರ್ಷಕ್ಕೆ ಒಂದೂವರೆ ಗಂಟೆಯಷ್ಟು ಮಾತ್ರ ನಿಲುಗಡೆ. ಕೊಟ್ಟಿದ್ದು ಒಂದೇ ಫೀಡರ್ (ವಿದ್ಯುತ್ ಪೂರೈಕೆಯ ಮಾರ್ಗ), ಬಿಒಕ್ಯೂನಲ್ಲಿ (ಸಾಮಗ್ರಿ, ಕೆಲಸಗಳ ಪ್ರಮಾಣಪಟ್ಟಿ) ಇದ್ದದ್ದು ಒಂದೇ ಯುಪಿಎಸ್, ನಿಲುಗಡೆ ಹೆಚ್ಚಾದರೆ ಹಾಕುವ ದಂಡಕ್ಕೆ ಮಿತಿಯಿಲ್ಲ. ಇಂತಹ ಕಡೆ ತಿಳಿದವರು ದಂಡವನ್ನು ದರದಲ್ಲಿ ಸೇರಿಸಿ ಸೋಲುತ್ತಾರೆ, ತಿಳಿಯದವರು ಗೆದ್ದು ಮುಳುಗುತ್ತಾರೆ. ಎರಡನೆಯ ಯುಪಿಎಸ್ ಸೇರಿಸಬೇಕು, ದಂಡವು ಮೂರು ತಿಂಗಳ ಬಿಲ್ಲಿನ ಶೇ. 10 ಮೀರಬಾರದು, ಡೀಸೆಲ್ಲಿಗೆ ಜನರೇಟರ್ ಓಡಿದ ಗಂಟೆಯ ಮೀಟರ್ ಪ್ರಕಾರ ಹಣ ಕೊಡಬೇಕು ಎಂದು ಕೇಳಿದೆ. 62.5 ಕೆವಿಎ ಜನರೇಟರ್ ಮುಕ್ಕಾಲು ಲೋಡಿನಲ್ಲಿ ಗಂಟೆಗೆ ಹತ್ತು ಲೀಟರಿನಷ್ಟು ಕುಡಿಯುತ್ತದೆ; ವಿದ್ಯುತ್ ಕಡಿತ ಎಷ್ಟಿರಬಹುದೆಂದು ಊಹಿಸಿ ಐದು ವರ್ಷಕ್ಕೆ ಒಂದೇ ದರ ಹಾಕುವುದು ಜೂಜು. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ, ಸಭೆಗೆ ಎಷ್ಟು ಮೊದಲು ಕಳುಹಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದರಲ್ಲಿಯೇ ನನ್ನ ಅರ್ಧ ಶ್ರಮವಿದೆ.

ಎರಡು ವಾರಗಳಲ್ಲಿ ಪೋರ್ಟಲಿನಲ್ಲಿ ತಿದ್ದುಪಡಿ ಬಂದಿತು. ವಹಿವಾಟು ಇಳಿಯಿತು, ಮಾಡೆಲಿನ ಹೆಸರು ಹೋಯಿತು, ದಂಡಕ್ಕೆ ಮಿತಿ ಬಂದಿತು; ಡೀಸೆಲ್ ಮಾತ್ರ ಒಪ್ಪಲಿಲ್ಲ. ಇಬ್ಬರೇ ಬರಬೇಕಾಗಿದ್ದಲ್ಲಿ ಐವರು ಬಂದರು, ಎರಡನೆಯವರಿಗಿಂತ ಶೇ. 3ರಷ್ಟು ಕಡಿಮೆ ದರದಲ್ಲಿ ನಾವು ಎಲ್-1 (ಅತಿ ಕಡಿಮೆ ದರದ ಬಿಡ್‌ದಾರರು) ಆದೆವು. ಇದುವರೆಗೆ ಕಡಿತವಾದ ದಂಡ ಮೂವತ್ತು ಸಾವಿರ ದಾಟಿಲ್ಲ, ಈ ಭಾಗದಲ್ಲಿ ಇಷ್ಟು ಕಡಿಮೆ ದಂಡ ಕಂಡ ಕೇಂದ್ರ ಇನ್ನೊಂದನ್ನು ನಾನು ಕೇಳಿಲ್ಲ. ನಂತರ ಬೀದರಿನ ಒಂದು ಟೆಂಡರಿನಲ್ಲಿಯೂ ಹೀಗೆಯೇ ಷರತ್ತು ತಿದ್ದಿಸಿದೆ; ಕೆಲಸ ಹೈದರಾಬಾದಿನವರಿಗೆ ಹೋಯಿತು. ದರದಲ್ಲಿ ಸೋತದ್ದು, ತಕರಾರಿಲ್ಲ.

ಈಗ ಹಿಡಿದಿರುವುದು ಯುಪಿಎಸ್ ಬ್ಯಾಟರಿಯ ವಿಷಯ. ಉಷ್ಣಾಂಶ ಹತ್ತು ಡಿಗ್ರಿ ಹೆಚ್ಚಿದರೆ ಸೀಸದ ಬ್ಯಾಟರಿಯ ಆಯುಷ್ಯ ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಆದರೂ ಬದಲಾವಣೆಯ ಖರ್ಚನ್ನು ನಿರ್ವಹಣಾ ದರದೊಳಗೆ ಅಡಗಿಸಿರುವುದರಿಂದ, ಅಗ್ಗದ ಬ್ಯಾಟರಿ ಹಾಕಿ ನಾಲ್ಕನೆಯ ವರ್ಷ ಕೈಯೆತ್ತುವವರೇ ಎಲ್-1 ಆಗುತ್ತಿದ್ದಾರೆ. ಯಾದಗಿರಿಯಲ್ಲಿ ಬರಲಿರುವ ಟೆಂಡರಿಗೆ, ಬ್ಯಾಟರಿ ಬದಲಾವಣೆಯನ್ನು ಬಿಒಕ್ಯೂನಲ್ಲಿ ಪ್ರತ್ಯೇಕ ಬಾಬಾಗಿ ತೋರಿಸಿ ಎಲ್ಲರಿಂದಲೂ ದರ ಪಡೆಯಬೇಕೆಂಬ ಪ್ರಶ್ನೆಯನ್ನು ಸಿದ್ಧಪಡಿಸಿದ್ದೇನೆ.