ಉಪ್ಪು ಜಾಸ್ತಿಯಾಗಿದ್ದು ಸಮುದ್ರದಲ್ಲಾ, ಸೆನ್ಸರಿನಲ್ಲಾ?

ನನ್ನ ಕೆಲಸ ಸಮುದ್ರದ್ದು. ಕೂರುವುದು ಮಾತ್ರ ಹೈದರಾಬಾದಿನಲ್ಲಿ. ಹತ್ತಿರದ ಕಡಲು ನೋಡಬೇಕೆಂದರೂ ಒಂದು ರಾತ್ರಿಯ ಬಸ್ ಪ್ರಯಾಣ. ಭಾರತದ ಆರ್ಗೋ ದತ್ತಾಂಶ ಕೇಂದ್ರವಾದ ಇನ್‌ಕಾಯ್ಸ್ ಇರುವುದೂ ಇದೇ ಊರಲ್ಲಿ. ನಾನು ದಿನವೂ ನೋಡುವುದು ಆರ್ಗೋ ಫ್ಲೋಟ್‌ಗಳು ಕಳಿಸುವ ಅಂಕಿಗಳನ್ನು. ಆಗಾಗ ಹಡಗು ಹತ್ತಿ ಫ್ಲೋಟ್ ಇಳಿಸಿಯೂ ಬಂದಿದ್ದೇನೆ. ಆದರೆ ಕಷ್ಟದ ಕೆಲಸ ಹಡಗಿನದ್ದಲ್ಲ, ಮೇಜಿನದ್ದು.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಆರ್ಗೋ ಫ್ಲೋಟ್ ಅಂದರೆ ಒಂದು ಉದ್ದನೆಯ ಸಿಲಿಂಡರ್. ಆಂಟೆನಾ ಸೇರಿದರೆ ಹೆಚ್ಚುಕಡಿಮೆ ಆಳೆತ್ತರ, ತೂಕ ಇಪ್ಪತ್ತು ಮೂವತ್ತು ಕೆ.ಜಿ. ಅದಕ್ಕೆ ಎಂಜಿನ್ ಇಲ್ಲ, ಪ್ರೊಪೆಲ್ಲರ್ ಇಲ್ಲ. ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ಪಂಪ್ ಮಾಡಿದರೆ ಗಾತ್ರ ಹಿಗ್ಗುತ್ತದೆ, ತೂಕ ಅಷ್ಟೇ ಇರುತ್ತದೆ, ಮೇಲೇರುತ್ತದೆ. ಎಣ್ಣೆ ವಾಪಸ್ ಎಳೆದುಕೊಂಡರೆ ಮುಳುಗುತ್ತದೆ. ಸಾವಿರ ಮೀಟರ್ ಆಳದಲ್ಲಿ ಸುಮ್ನೆ ತೇಲಿಕೊಂಡಿರುತ್ತದೆ. ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್‌ಗೆ ಇಳಿದು, ಅಲ್ಲಿಂದ ಮೇಲೆ ಬರುತ್ತಾ ಒತ್ತಡ, ಉಷ್ಣತೆ, ಉಪ್ಪಿನಂಶ ಅಳೆಯುತ್ತದೆ. ಮೇಲೆ ಬಂದಾಗ ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತದೆ. ಬ್ಯಾಟರಿ ಮುಗಿಯುವವರೆಗೆ, ಅಂದರೆ ನಾಲ್ಕೈದು ವರ್ಷ, ಇದೇ ಕಥೆ. ಬ್ಯಾಟರಿ ಮುಗಿದ ಮೇಲೆ ಅದನ್ನು ಹುಡುಕಿಕೊಂಡು ಹೋಗುವವರು ತೀರಾ ಕಡಿಮೆ. ಫ್ಲೋಟಿನ ಬೆಲೆಗಿಂತ ಹಡಗಿನ ಖರ್ಚೇ ಜಾಸ್ತಿ.

ಇಂಥವು ಜಗತ್ತಿನ ಸಮುದ್ರಗಳಲ್ಲಿ ಈಗ ಸುಮಾರು 4,000 ಇವೆ. ಮೂರು ಸಾವಿರದ ಗುರಿ ಮುಟ್ಟಿದ್ದು 2007ರ ನವೆಂಬರಿನಲ್ಲಿ. ಭಾರತ 2002ರಿಂದ ಇಳಿಸುತ್ತಾ ಬಂದಿದೆ.

ಇಳಿಸುವಾಗ ನಾನು ಮಾಡುವುದು ಇಷ್ಟು. ಮೊದಲು ಡೆಕ್ ಮೇಲೆ ಆಕಾಶ ಕಾಣುವ ಕಡೆ ನಿಲ್ಲಿಸಿ ಫ್ಲೋಟನ್ನು ಎಬ್ಬಿಸುವುದು. ಕೆಲವು ಮಾದರಿಗಳಲ್ಲಿ ಮೈಮೇಲೆ ಗುರುತು ಹಾಕಿದ ಜಾಗಕ್ಕೆ ಆಯಸ್ಕಾಂತ ಹಿಡಿದರೆ ಸಾಕು. ಒಳಗೆ ಪಂಪ್ ಗುರ್ ಅನ್ನುತ್ತದೆ. ಅದು ಕೇಳಿಸಬೇಕು. ಪರೀಕ್ಷೆಯ ಸಂದೇಶ ಉಪಗ್ರಹ ದಾಟಿ ದಡಕ್ಕೆ ಬಂತು ಅಂತ ಖಾತ್ರಿಯಾಗುವವರೆಗೆ ನಾನು ಹಗ್ಗ ಮುಟ್ಟುವುದಿಲ್ಲ. ಆಮೇಲೆ ಸೆನ್ಸರಿನ ಮುಚ್ಚಳಗಳು. ಅವನ್ನು ತೆಗೆದು ಜೇಬಿಗೆ ಹಾಕಿಕೊಂಡು ಕೈಯಿಂದ ಎಣಿಸುತ್ತೇನೆ. ಮುಚ್ಚಳ ಉಳಿದರೆ ಫ್ಲೋಟ್ ವರ್ಷಗಟ್ಟಲೆ ಕೊಳವೆಯೊಳಗಿನ ಅದೇ ನೀರನ್ನು ಅಳೆಯುತ್ತಾ ಇರುತ್ತದೆ.

ಹಡಗು ತೀರಾ ನಿಧಾನಕ್ಕೆ, ಒಂದೆರಡು ನಾಟ್ ವೇಗದಲ್ಲಿ ಮುಂದೆ ಹೋಗುತ್ತಿರಬೇಕು. ಪೂರ್ತಿ ನಿಂತರೆ ಫ್ಲೋಟ್ ಹಡಗಿನ ಮೈಗೆ ಬಡಿಯುತ್ತದೆ. ಹಿಂಭಾಗದಿಂದ ಹಗ್ಗದಲ್ಲಿ ಇಳಿಸಿ, ನೀರು ಮುಟ್ಟಿದ ಮೇಲೆ ಹಗ್ಗದ ಒಂದು ತುದಿ ಬಿಟ್ಟು ಎಳೆದುಕೊಳ್ಳುವುದು. ಗಂಟೆ, ಅಕ್ಷಾಂಶ, ರೇಖಾಂಶ ಬರೆದುಕೊಂಡರೆ ಮುಗಿಯಿತು. ಸಂಶೋಧನಾ ಹಡಗೇ ಬೇಕೆಂದೇನಿಲ್ಲ. ಸರಕು ಹಡಗುಗಳು ರಟ್ಟಿನ ಪೆಟ್ಟಿಗೆಯ ಸಮೇತ ಇಳಿಸುತ್ತವೆ. ನೀರು ತಾಗಿದಾಗ ಕೊಂಡಿ ಬಿಚ್ಚಿಕೊಂಡು ಫ್ಲೋಟ್ ಹೊರಬರುತ್ತದೆ. ನ್ಯೂಜಿಲೆಂಡಿನ 28 ಮೀಟರ್ ಉದ್ದದ ಕಾಹರೋವಾ ಅನ್ನುವ ಪುಟ್ಟ ಹಡಗು ತಾನೊಂದೇ ಸಾವಿರಕ್ಕೂ ಹೆಚ್ಚು ಫ್ಲೋಟ್ ಇಳಿಸಿದೆ. ದೊಡ್ಡ ಹಡಗಿಲ್ಲ ಅಂತ ಕೊರಗುವವರಿಗೆ ನಾನು ಇದನ್ನೇ ಹೇಳುವುದು.

ಸಾಧ್ಯವಾದರೆ ಅದೇ ಜಾಗದಲ್ಲಿ ಹಡಗಿನ ಸಿಟಿಡಿಯನ್ನೂ, ಅಂದರೆ ಆಳ, ಉಷ್ಣತೆ, ಉಪ್ಪು ಅಳೆಯುವ ಹಡಗಿನದೇ ಉಪಕರಣವನ್ನೂ ಇಳಿಸಿ, ಬಾಟಲಿಯಲ್ಲಿ ನೀರು ಹಿಡಿದು, ಉಪ್ಪು ಪರೀಕ್ಷಿಸಿ ಇಡುತ್ತೇನೆ. ಹಡಗಿನ ಸಮಯ ದುಬಾರಿ, ಇದಕ್ಕೆ ಕ್ಯಾಪ್ಟನ್ ಗೊಣಗುವುದೂ ಉಂಟು. ಆದರೆ ಮೂರು ವರ್ಷದ ನಂತರ ಆ ಒಂದು ಬಾಟಲಿ ನೀರು ನನ್ನ ಜೀವ ಉಳಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಫ್ಲೋಟಿನ ಸೆನ್ಸರ್ ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ಸಣ್ಣ ಗಾಜಿನ ಕೊಳವೆಯ ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ನೋಡುತ್ತದೆ. ಕೊಳವೆಯೊಳಗೆ ಪಾಚಿಯಂಥದ್ದೇನಾದರೂ ಬೆಳೆದರೆ ಜಾಗ ಕಿರಿದಾಗಿ, ನೀರು ಇರುವುದಕ್ಕಿಂತ ಸಪ್ಪೆ ಅಂತ ತೋರಿಸುತ್ತದೆ. ಒಂದು ಕೆ.ಜಿ. ನೀರಿನಲ್ಲಿ ಹೆಚ್ಚುಕಡಿಮೆ ಎಷ್ಟು ಗ್ರಾಂ ಉಪ್ಪು ಅನ್ನುವ ಲೆಕ್ಕದಲ್ಲಿ ನಮಗೆ ಬೇಕಾದ ನಿಖರತೆ 0.01. ಅರಬ್ಬಿ ಸಮುದ್ರದ ಎರಡು ಸಾವಿರ ಮೀಟರ್ ಆಳದಲ್ಲಿ ಉಪ್ಪಿನಂಶ ಸುಮಾರು 34.8. ಅದು 34.83 ಆಯಿತು ಅಂದರೆ ನನಗೆ ತಲೆನೋವು ಶುರು. ಸಮುದ್ರ ಬದಲಾಯಿತಾ? ಸೆನ್ಸರ್ ಕೆಟ್ಟಿತಾ? ಫ್ಲೋಟನ್ನು ಮೇಲೆತ್ತಿ ನೋಡುವಂತಿಲ್ಲ.

ಒಂದೇ ಫ್ಲೋಟನ್ನು ಎಷ್ಟು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಮನೆಯ ಗಡಿಯಾರ ಸರಿ ಇದೆಯಾ ಅಂತ ಅದನ್ನೇ ನೋಡಿ ಹೇಳಲು ಆಗುತ್ತದಾ? ಪಕ್ಕದ ಮನೆಯದ್ದೂ ನೋಡಬೇಕು. ನನ್ನ ಪಕ್ಕದ ಮನೆಯವರು ಅಂದರೆ ಅದೇ ನೀರಿನಲ್ಲಿ ಓಡಾಡಿದ ಆಸ್ಟ್ರೇಲಿಯಾದ, ಅಮೆರಿಕದ, ಜಪಾನಿನ, ಫ್ರಾನ್ಸಿನ ಫ್ಲೋಟ್‌ಗಳು, ಹಿಂದೆ ಯಾವುದೋ ಹಡಗು ತೆಗೆದ ಸಿಟಿಡಿ ಅಳತೆಗಳು. ಇವನ್ನೆಲ್ಲ ಒಂದೆಡೆ ಕೂಡಿಸಿಟ್ಟಿದ್ದಾರೆ. ನಾನು ಅದರ ಎದುರು ನನ್ನ ಫ್ಲೋಟಿನ ಪ್ರೊಫೈಲ್‌ಗಳನ್ನು, ಅಂದರೆ ಒಂದೊಂದು ಸಲ ಮೇಲೆ ಬರುವಾಗ ಅಳೆದ ಅಂಕಿಗಳ ಸಾಲುಗಳನ್ನು ಇಟ್ಟು, ಒಂದೇ ಉಷ್ಣತೆಯ ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ಹೋಲಿಸುತ್ತೇನೆ. ಡಿಲೇಡ್ ಮೋಡ್ ಅನ್ನುವುದು ಇದನ್ನೇ.

ಅರಬ್ಬಿ ಸಮುದ್ರ ಇದರಲ್ಲಿ ಚೆನ್ನಾಗಿ ಸತಾಯಿಸುತ್ತದೆ. ಪರ್ಷಿಯನ್ ಕೊಲ್ಲಿಯಿಂದಲೂ ಕೆಂಪು ಸಮುದ್ರದಿಂದಲೂ ವಿಪರೀತ ಉಪ್ಪಿನ ನೀರು ಒಳಗೊಳಗೇ ಹರಿದು ಬರುತ್ತದೆ. ಮೊದಲನೆಯದು ಸುಮಾರು ಮುನ್ನೂರು ಮೀಟರ್ ಆಸುಪಾಸಿನಲ್ಲಿ, ಎರಡನೆಯದು ಅದಕ್ಕಿಂತ ಬಹಳ ಕೆಳಗೆ. ಅಲ್ಲಿ ಉಪ್ಪು ಏರಿದರೆ ಅದು ನಿಜವಾದ ನೀರೇ ಇರಬಹುದು. ಅದಕ್ಕೇ ನಾನು ಸಾವಿರದ ಐನೂರು ಮೀಟರಿಗಿಂತ ಆಳದ್ದನ್ನೇ ನಂಬುತ್ತೇನೆ. ಬಂಗಾಳ ಕೊಲ್ಲಿಯ ತರಲೆ ಬೇರೆ. ಗಂಗಾ, ಬ್ರಹ್ಮಪುತ್ರ, ಐರಾವತಿ ತಂದು ಸುರಿದ ಸಿಹಿನೀರು ಮೇಲೆ ಹಗುರವಾಗಿ ಕೂತಿರುತ್ತದೆ. ಸಾಕಷ್ಟು ಎಣ್ಣೆ ಹೊರದೂಡಲಾಗದ ಫ್ಲೋಟ್ ಆ ಪದರ ದಾಟಲಾರದೆ ಕೆಳಗೇ ಉಳಿಯುತ್ತದೆ. ಉಪಗ್ರಹಕ್ಕೆ ಕಾಣದಿದ್ದರೆ ನಮಗೂ ಇಲ್ಲ.

ಈ ಪಕ್ಕದ ಮನೆ ಪದ್ಧತಿಯ ಬೆಲೆ ನನಗೆ ಪೂರ್ತಿ ಅರಿವಾಗಿದ್ದು ಉಪ್ಪು ಏರುವ ಕಾಯಿಲೆ ಬಂದಾಗ. 2015ರ ನಂತರ ತಯಾರಾದ ಕೆಲವು ಸರಣಿಯ ಸೆನ್ಸರುಗಳು ಒಂದೆರಡು ವರ್ಷ ಸರಿಯಾಗಿದ್ದು, ಆಮೇಲೆ ಉಪ್ಪನ್ನು ಜಾಸ್ತಿ ಜಾಸ್ತಿ ತೋರಿಸತೊಡಗಿದವು. ಒಂದು ದೇಶದಲ್ಲಿ ಒಂದೆರಡು ಫ್ಲೋಟ್ ಹೀಗಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲ ದೇಶದವರೂ ಸೆನ್ಸರಿನ ಸೀರಿಯಲ್ ನಂಬರನ್ನು ಒಂದೇ ಹಂಚಿಕೆಯ ಪಟ್ಟಿಯಲ್ಲಿ ಬರೆಯತೊಡಗಿದಾಗ ಚಿತ್ರ ಬಿಡಿಸಿಕೊಂಡಿತು. ಕೆಟ್ಟವು ಅಲ್ಲಲ್ಲಿ ಚದುರಿರಲಿಲ್ಲ, ಕೆಲವು ಸರಣಿಗಳಲ್ಲಿ ಗುಂಪಾಗಿದ್ದವು. ಕೊಳವೆಯ ಸುತ್ತ ತುಂಬಿದ ರಕ್ಷಣೆಯ ವಸ್ತುವಿನಲ್ಲಿ ದೋಷವಿತ್ತು. ಸಂತೆಯಲ್ಲಿ ಯಾರೂ ತಮ್ಮ ಕೊಳೆತ ಮಾಲನ್ನು ಮುಂದಿಡುವುದಿಲ್ಲ, ಇಲ್ಲಿ ಎಲ್ಲರೂ ಇಟ್ಟರು.

ಇದು ಚಿಲ್ಲರೆ ವಿಷಯವಾಗಿರಲಿಲ್ಲ. ಸಮುದ್ರ ಮಟ್ಟ ಏರುವುದನ್ನು ಉಪಗ್ರಹ ಅಳೆಯುತ್ತದೆ. ಅದರಲ್ಲಿ ಮಂಜು ಕರಗಿ ಬಂದ ನೀರೆಷ್ಟು, ಬಿಸಿಗೆ ಹಿಗ್ಗಿದ್ದು ಎಷ್ಟು ಅಂತ ಲೆಕ್ಕ ಕೂಡಬೇಕು. 2016ರ ನಂತರ ಆ ಲೆಕ್ಕ ಕೂಡುತ್ತಿರಲಿಲ್ಲ. ನೀರು ಎಷ್ಟು ಹಿಗ್ಗಿದೆ ಅನ್ನುವ ಲೆಕ್ಕದಲ್ಲಿ ಉಪ್ಪೂ ಸೇರುತ್ತದೆ, ಹಾಗಾಗಿ ಅದಕ್ಕೆ ಒಂದು ಕಾರಣ ನಮ್ಮ ಈ ತಪ್ಪು ಉಪ್ಪೇ. ಸಮಾಧಾನ ಅಂದರೆ, ಇಂಥ ಫ್ಲೋಟ್‌ಗಳ ಉಷ್ಣತೆಯ ಅಳತೆ ಕೆಟ್ಟಿರಲಿಲ್ಲ. ಉಪ್ಪಿಗೆ ಮಾತ್ರ 4 ಅಂತ ಗುರುತು ಹಾಕುತ್ತೇವೆ, ಅಂದರೆ ಕೆಟ್ಟದ್ದು. 1 ಅಂದರೆ ಒಳ್ಳೆಯದು. 2, 3 ಎರಡೂ ನಮ್ಮಂಥವರ ಅನುಮಾನಗಳು.

ಫ್ಲೋಟಿಗೆ ಗಡಿ ಗೊತ್ತಿಲ್ಲ. ನಾವು ಬಿಟ್ಟದ್ದು ಇನ್ನೊಂದು ದೇಶದ ಆರ್ಥಿಕ ವಲಯಕ್ಕೆ ತೇಲಿ ಹೋಗುತ್ತದೆ, ಅವರದ್ದು ನಮ್ಮಲ್ಲಿಗೆ ಬರುತ್ತದೆ. ಅದಕ್ಕೊಂದು ಒಪ್ಪಂದವಿದೆ, 1999ರದ್ದು. ಫ್ಲೋಟ್ ಎಲ್ಲಿದೆ ಅಂತ ಕರಾವಳಿ ದೇಶಗಳಿಗೆ ತಿಳಿಸಬೇಕು. ಫ್ರಾನ್ಸಿನ ಬ್ರೆಸ್ಟ್‌ನಲ್ಲಿರುವ ಓಷನ್‌ಆಪ್ಸ್ ಅನ್ನುವ ಕೇಂದ್ರ ಈ ಲೆಕ್ಕ ಇಡುತ್ತದೆ. ಪ್ರೊಫೈಲ್ ಬಂದ 24 ಗಂಟೆಯೊಳಗೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ, ಅರ್ಜಿಯಿಲ್ಲ. ಈ ಉದಾರತೆ ಬರೀ ಒಳ್ಳೆಯತನ ಅಂತ ನನಗೆ ಅನಿಸುವುದಿಲ್ಲ. ಮುಚ್ಚಿಟ್ಟುಕೊಂಡವನಿಗೆ ತನ್ನ ಫ್ಲೋಟ್ ಸರಿಯಿದೆಯಾ ಅಂತಲೂ ಗೊತ್ತಾಗುವುದಿಲ್ಲ.

ಊರಿನ ಕಡೆ, ಕುಮಟಾದಲ್ಲಿ, ಮೀನು ಎಲ್ಲಿದೆ ಅಂತ ನಿಮ್ಮ ಫ್ಲೋಟ್ ಹೇಳುತ್ತದಾ ಅಂತ ಕೇಳುತ್ತಾರೆ. ಇಲ್ಲ. ಮೀನುಗಾರರಿಗೆ ಹೋಗುವ ಸೂಚನೆಗೆ ಆಧಾರ ಉಪಗ್ರಹ ಕಾಣುವ ಮೇಲ್ಮೈ ಉಷ್ಣತೆ ಮತ್ತು ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ ಹಸಿರು. ಆದರೆ 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋಯಿತಲ್ಲ, ಅಂಥದ್ದಕ್ಕೆ ನಮ್ಮ ಅಂಕಿ ಬೇಕು. ಉಪಗ್ರಹಕ್ಕೆ ಕಾಣುವುದು ನೀರಿನ ಮೈಯ ಬಿಸಿ. ಆ ಬಿಸಿ ಎಷ್ಟು ಆಳದವರೆಗಿದೆ ಅನ್ನುವುದು ಫ್ಲೋಟಿನಂಥ ಒಳಗಿಳಿಯುವ ಉಪಕರಣಕ್ಕೇ ಗೊತ್ತು. ಬಿಸಿಯ ಪದರ ತೆಳುವಾಗಿದ್ದರೆ ಗಾಳಿ ಕೆಳಗಿನ ತಣ್ಣೀರನ್ನು ಕಲಕಿ ತರುತ್ತದೆ, ಚಂಡಮಾರುತದ ಕಸುವು ಕುಗ್ಗುತ್ತದೆ. ದಪ್ಪವಾಗಿದ್ದರೆ ಅದಕ್ಕೆ ಸಿಗುವ ಆಹಾರ ಮುಗಿಯುವುದಿಲ್ಲ.

ಈ ದತ್ತಾಂಶ ಬಳಸಬೇಕೆನ್ನುವ ವಿದ್ಯಾರ್ಥಿಗಳಿಗೆ ಒಂದು ಮಾತು. ಪೈಥಾನ್ ಗೊತ್ತಿದ್ದರೆ ಆರ್ಗೋಪೈ ಅನ್ನುವ ಲೈಬ್ರರಿ ಇದೆ, ಅರ್ಧ ದಿನದಲ್ಲಿ ಕೈಗೆ ಬರುತ್ತದೆ. ಒಂದೇ ಫ್ಲೋಟ್ ಹಿಡಿದು ಶುರು ಮಾಡಿ. ಕಡತದಲ್ಲಿ ಉಪ್ಪಿಗೆ ಎರಡು ಕಾಲಂ ಇರುತ್ತದೆ. ಒಂದು ಸೆನ್ಸರ್ ಹೇಳಿದ್ದು, ಇನ್ನೊಂದು ಅಡ್ಜಸ್ಟೆಡ್ ಅಂತ, ನಾವು ತಿದ್ದಿದ್ದು. ಮೊದಲನೆಯದನ್ನೇ ನೇರ ಎತ್ತಿಕೊಂಡು ಅರಬ್ಬಿ ಸಮುದ್ರ ಉಪ್ಪಾಗುತ್ತಿದೆ ಅಂತ ಬರೆದುಬಿಟ್ಟ ಪ್ರಾಜೆಕ್ಟ್ ವರದಿಗಳನ್ನು ಕಂಡಿದ್ದೇನೆ. ಇನ್ನೂ ಡಿಲೇಡ್ ಮೋಡ್ ಆಗದ ಫ್ಲೋಟ್ ಆಗಿದ್ದರೆ, ಹತ್ತಿರದ ಬೇರೆ ಫ್ಲೋಟ್‌ಗಳ ಜೊತೆ ಎರಡು ಸಾವಿರ ಮೀಟರ್ ಆಳದ ಉಪ್ಪನ್ನು ನೀವೇ ಹೋಲಿಸಿ ನೋಡಿ. ಒಂದು ಮಾತ್ರ ಏರುತ್ತಾ ಹೋಗಿದ್ದರೆ ಆ ಫ್ಲೋಟಿನ ನಂಬರ್ ಹಾಕಿ ಅದರ ದೇಶದ ಕೇಂದ್ರಕ್ಕೆ ಒಂದು ಮೇಲ್ ಕಳಿಸಿ. ಓದುತ್ತಾರೆ.