ಕುಂಬಳೆ, ಕುಂಬಳ, ಕಂಬಳ: ನಿವೃತ್ತಿಯ ನಂತರದ ನನ್ನ ಪಾಠ ಮತ್ತು ಸಂಶೋಧನೆ

ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕನಾಗಿ ನಿವೃತ್ತನಾಗಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಗೆ ಬಂದಾಗ ಒಂದು ವಿಷಯ ಗಟ್ಟಿಮಾಡಿಕೊಂಡಿದ್ದೆ: ಪಾಠ ಮತ್ತು ಸಂಶೋಧನೆಯನ್ನು ಇನ್ನು ಬೇರೆ ಬೇರೆಯಾಗಿ ಇಡುವುದಿಲ್ಲ. ನೌಕರಿಯಲ್ಲಿದ್ದಾಗ ಹಗಲು ಸಿಲೆಬಸ್, ರಾತ್ರಿ ಪೇಪರ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಅಪರೂಪ. ಈಗ ಶನಿವಾರ ಮಧ್ಯಾಹ್ನ ಊರಿನ ಗ್ರಂಥಾಲಯದಲ್ಲಿ, ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ ಮುಂದೆ ಪ್ಲಸ್ ಟು, ಪಾಲಿಟೆಕ್ನಿಕ್, ಡಿಗ್ರಿ ಸೇರಿದ ಮಕ್ಕಳಿಗೆ ಅಲ್ಗಾರಿದಮ್ (ಲೆಕ್ಕ ಬಿಡಿಸುವ ಹಂತ ಹಂತದ ವಿಧಾನ) ಹೇಳಿಕೊಡುತ್ತೇನೆ. ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲದಿದ್ದರೆ ಅದೇ ಮುಂದಿನ ವಾರದ ಸಂಶೋಧನೆ.

ಪಾಠದ ಉದಾಹರಣೆಗಳೆಲ್ಲ ಕನ್ನಡದ್ದೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 'ಕಾಸರಗೋಡು' ಎಂಬ ಪದದ ಉದ್ದ ಕೇಳಿದರೆ 8 ಎನ್ನುತ್ತದೆ. ಮಕ್ಕಳು ಬೆರಳು ಮಡಚಿ ಎಣಿಸಿದರೆ 5. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಜಾಗತಿಕ ಪಟ್ಟಿಯಾದ ಯುನಿಕೋಡ್‌ನಲ್ಲಿ ದೀರ್ಘ, ಕೊಂಬು, ಓತ್ವ ಎಲ್ಲಕ್ಕೂ ಪ್ರತ್ಯೇಕ ಸಂಕೇತ ಇದೆ ಎಂಬುದು ಅಲ್ಲೇ ತಿಳಿಯಿತು. ವಿಂಗಡಣೆಯ (ಪದಗಳನ್ನು ಅಕಾರಾದಿಯಲ್ಲಿ ಜೋಡಿಸುವ) ಪಾಠಕ್ಕೆ 'ಕಳೆ', 'ಕಸ' ಎಂಬ ಎರಡೇ ಪದ ಸಾಕು. ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಯುನಿಕೋಡ್ ಪಟ್ಟಿಯಲ್ಲಿ ಲ ಆದ ಕೂಡಲೇ. ಸಂಕೇತದ ಕ್ರಮವನ್ನೇ ನಂಬಿದ ಪ್ರೋಗ್ರಾಮ್ 'ಕಳೆ'ಯನ್ನು 'ಕಸ'ಕ್ಕಿಂತ ಮೊದಲು ಇಡುತ್ತದೆ. ಹೋಲಿಕೆಯ ನಿಯಮವನ್ನು ನಾವೇ ಬರೆದುಕೊಡಬೇಕು ಎಂದು ಇಷ್ಟು ಬೇಗ ಮನವರಿಕೆ ಮಾಡಿಸುವ ಇಂಗ್ಲಿಷ್ ಉದಾಹರಣೆ ನನಗೆ ಸಿಕ್ಕಿಲ್ಲ.

ನಿಜವಾದ ಕೆಲಸ ಹುಟ್ಟಿದ್ದು ಡೈನಾಮಿಕ್ ಪ್ರೋಗ್ರಾಮಿಂಗ್ ಪಾಠದಲ್ಲಿ. ದೊಡ್ಡ ಲೆಕ್ಕವನ್ನು ಚಿಕ್ಕ ಚಿಕ್ಕದಾಗಿ ಒಡೆದು, ಸಿಕ್ಕ ಉತ್ತರಗಳನ್ನು ಬರೆದಿಟ್ಟುಕೊಂಡು ಬಿಡಿಸುವ ವಿಧಾನ ಅದು. ಒಂದು ಪದವನ್ನು ಇನ್ನೊಂದಾಗಿ ಮಾಡಲು ಕನಿಷ್ಠ ಎಷ್ಟು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಅಳತೆಯನ್ನು ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಮುಂದಿಟ್ಟರು. ಇದಕ್ಕೆ ನಮ್ಮೂರಿನ ಹೆಸರುಗಳಿಗಿಂತ ಒಳ್ಳೆಯ ಸಾಮಗ್ರಿ ಬೇಡ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ನಾಡು ಇದು. ಒಂದೇ ಊರಿಗೆ ಎರಡು ಬರವಣಿಗೆ ಇಲ್ಲಿ ಮಾಮೂಲು. ಮಂಜೇಶ್ವರ, ಮಂಜೇಶ್ವರಂ. ಕಾಸರಗೋಡು, ಕಾಸರಗೋಡ್. ಕುಂಬಳೆ, ಕುಂಬಳ. ಒಂದು ಪದವನ್ನು ಮೇಲೆ, ಇನ್ನೊಂದನ್ನು ಪಕ್ಕಕ್ಕೆ ಬರೆದು, ಕಾಗದದ ಮೇಲೆ ಚೌಕ ಎಳೆದು, ಸಾಲು ಸಾಲಾಗಿ ತುಂಬಿ ನೋಡಿದರೆ ಮೂರು ಜೋಡಿಗೂ ಈ ಅಳತೆ, ಅಂದರೆ ದೂರ, 1.

ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಕುಂಬಳದಿಂದ ಕೊಂಬು ತೆಗೆದರೆ ಕಂಬಳ. ಅದೂ ಒಂದೇ ಅಲ್ವಾ? ಹಾಗಾದರೆ ಕಂಪ್ಯೂಟರಿನ ಲೆಕ್ಕದಲ್ಲಿ ಕುಂಬಳಕ್ಕೆ ಕುಂಬಳೆಯೂ ಕಂಬಳವೂ ಅಷ್ಟೇ ಹತ್ತಿರವಾ?"

ಹೌದು, ಅಷ್ಟೇ ಹತ್ತಿರ. ಆದರೆ ಇಲ್ಲಿಯವರು ಯಾರೂ ಊರನ್ನೂ ಕೋಣದ ಓಟವನ್ನೂ ಒಂದೆಂದು ತಿಳಿಯುವುದಿಲ್ಲ. ಪದದ ಕೊನೆಯಲ್ಲಿ ಆಗುವ ಬದಲಾವಣೆ ಅಗ್ಗ, ಮೊದಲ ಅಕ್ಷರದಲ್ಲಿ ಆಗುವುದು ದುಬಾರಿ ಎಂಬ ತಿಳಿವಳಿಕೆ ನಮ್ಮ ತಲೆಯಲ್ಲಿದೆ. ಅದನ್ನು ಲೆಕ್ಕಕ್ಕೆ ಇಳಿಸುವುದು ಹೇಗೆ?

ಮಕ್ಕಳೇ ಹೆಸರುಗಳ ಜೋಡಿ ತಂದರು: ಬಸ್ಸಿನ ಬೋರ್ಡು, ಅಂಗಡಿ ಫಲಕ, ಆಮಂತ್ರಣ ಪತ್ರಿಕೆ. ವ್ಯಕ್ತಿಗಳ ಹೆಸರು ಬೇಡ, ಊರು ಮತ್ತು ಜಾಗದ ಹೆಸರು ಮಾತ್ರ ಎಂದು ಮೊದಲೇ ಹೇಳಿದ್ದೆ. ಯಾವ ಬದಲಾವಣೆ, ಪದದ ಯಾವ ಸ್ಥಾನದಲ್ಲಿ, ಎಷ್ಟು ಸಲ ಎಂದು ಎಣಿಸಿದೆವು. ಹೆಚ್ಚು ಸಲ ಕಂಡದ್ದಕ್ಕೆ ಕಡಿಮೆ ಬೆಲೆ. ಸಂಭವನೀಯತೆಯ ಲಾಗರಿದಮ್ ತೆಗೆದು ಚಿಹ್ನೆ ಬದಲಿಸಿದರೆ ಆ ಬೆಲೆ ಸಿಗುತ್ತದೆ. ಒಮ್ಮೆಯೂ ಕಾಣದ ಬದಲಾವಣೆಗೆ ಬೆಲೆ ಅನಂತವಾಗದಂತೆ ಎಲ್ಲ ಎಣಿಕೆಗೂ ಒಂದೊಂದು ಕೂಡಿಸಿದೆವು. ಈ ಬೆಲೆಗಳನ್ನು ಇಟ್ಟು ಅದೇ ಚೌಕ ತುಂಬಿದರೆ ಕುಂಬಳದ ಹತ್ತಿರಕ್ಕೆ ಕುಂಬಳೆ ಬರುತ್ತದೆ, ಕಂಬಳ ದೂರ ಸರಿಯುತ್ತದೆ. ಆ ದಿನ ತರಗತಿಯಲ್ಲಿ ಆದ ಗದ್ದಲ ನನಗೆ ಯಾವ ಸಮ್ಮೇಳನದ ಚಪ್ಪಾಳೆಗಿಂತಲೂ ದೊಡ್ಡದು.

ಇದನ್ನು ಮಾಡುವವರಿಗೆ ಒಂದು ಮಾತು. ಎಣಿಸುವ ಮೊದಲು ಪಠ್ಯವನ್ನು ಏಕರೂಪಕ್ಕೆ ತರಬೇಕು. 'ಗೋ'ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಯುನಿಕೋಡಿಗೆ ಎರಡೂ ಸಮಾನ. ಬಿಡಿಸಿ ಇಟ್ಟರೆ 'ಕಾಸರಗೋಡು' 8 ಅಲ್ಲ, 10 ಸಂಕೇತ. ಕಣ್ಣಿಗೆ ವ್ಯತ್ಯಾಸವೇ ಕಾಣದ ಎರಡು ಪದಗಳ ನಡುವೆ ಇಲ್ಲದ ದೂರ ಹುಟ್ಟುತ್ತದೆ. ಏಕರೂಪಕ್ಕೆ ತರುವುದು ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಒಂದೇ ಸಾಲಿನ ಕೆಲಸ.

ಉಳಿದ ಏರ್ಪಾಡು ಸರಳ. ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್. ದುಬಾರಿ ಜರ್ನಲ್ಲುಗಳು ಈಗ ಕೈಗೆಟುಕುವುದಿಲ್ಲ. ಸಂಶೋಧನಾ ಬರಹಗಳನ್ನು ಎಲ್ಲರಿಗೂ ತೆರೆದಿಡುವ, 1991ರಿಂದ ಇರುವ ಜಾಲತಾಣ ಆರ್ಕೈವ್‌ನಲ್ಲಿ ನನ್ನ ವಿಷಯದ ಬಹುಪಾಲು ಬರಹ ಉಚಿತವಾಗಿ ಸಿಗುತ್ತದೆ. ಗ್ರಾಂಟ್ ಇಲ್ಲ, ಗೈಡ್ ಎಂಬ ಪಟ್ಟವೂ ಇಲ್ಲ. ಪಿಎಚ್‌ಡಿ ವಿದ್ಯಾರ್ಥಿ ಇಲ್ಲದೆ ಸಂಶೋಧನೆ ನಡೆಯದು ಎನ್ನುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಸಮಸ್ಯೆ ಚಿಕ್ಕದಾಗಿ, ಸ್ಪಷ್ಟವಾಗಿ ಇದ್ದರೆ ಹದಿನೇಳರ ಮಕ್ಕಳೂ ಸಹೋದ್ಯೋಗಿಗಳೇ.

ಕಂಬಳದ ಪ್ರಶ್ನೆ ಕೇಳಿದ ಹುಡುಗಿ ಈಗ ಟ್ರೈ ಬರೆಯುತ್ತಿದ್ದಾಳೆ. ಹೆಸರುಗಳನ್ನು ಒಂದೊಂದು ಅಕ್ಷರಕ್ಕೂ ಕವಲೊಡೆಯುವ ಮರದಂತೆ ಜೋಡಿಸಿಡುವ ರಚನೆ ಅದು. ಒಂದೇ ಅಕ್ಷರಗಳಿಂದ ಶುರುವಾಗುವ ಹೆಸರುಗಳಿಗೆ ಚೌಕದ ಮೊದಲ ಸಾಲುಗಳನ್ನು ಮತ್ತೆ ಮತ್ತೆ ತುಂಬುವ ಕೆಲಸ ಅದರಿಂದ ಉಳಿಯುತ್ತದೆ. ನಾನು ಹಿಡಿದಿರುವುದು ಇಂಗ್ಲಿಷ್ ಅಕ್ಷರದಲ್ಲಿ ಹೋಗಿ ಮರಳಿ ಕನ್ನಡಕ್ಕೆ ಬಂದ ಹೆಸರುಗಳನ್ನು. ಆ ದಾರಿಯಲ್ಲಿ ದೀರ್ಘ ಕಳೆದುಹೋಗುತ್ತದೆ, ಲ-ಳ ಭೇದ ಅಳಿಯುತ್ತದೆ, ಡ-ದ ಒಂದಾಗುತ್ತದೆ. ಪದದ ಕೊನೆಗೆ ಹಾಕಿದ ನಮ್ಮ ಅಗ್ಗದ ಬೆಲೆ ಅಲ್ಲಿ ಸಾಲದು. ಬೇರೆಯೇ ಪಟ್ಟಿ ಬೇಕು. ಅದಕ್ಕೆ ಬೇಕಾದ ಜೋಡಿಗಳನ್ನು ಮಕ್ಕಳು ತರತೊಡಗಿದ್ದಾರೆ.